ಅಳಿಯಕಟ್ಟಿನ ನಾಡಿನಲ್ಲಿ ತಂದೆಯ ಸ್ಥಾನ

ಮಗುವಿನ ತಾಯಿ ಯಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಹೆರಿಗೆಯೇ ಅದಕ್ಕೆ ಸಾಕ್ಷಿ. ತಂದೆ ಯಾರೆಂಬ ವಿಷಯ ಹಾಗಲ್ಲ. ಅದನ್ನು ಪ್ರತಿಯೊಂದು ಸಮಾಜವೂ ತನ್ನದೇ ಆದ ಒಂದು ಕಟ್ಟಳೆಯಿಂದ ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಪ್ರಾಚೀನ ರೋಮಿನ ನ್ಯಾಯಶಾಸ್ತ್ರಜ್ಞರು ತಾಯಿಯ ಗಂಡನನ್ನೇ ಮಗುವಿನ ತಂದೆಯೆಂದು ಎಣಿಸಿದರು. ನಮ್ಮ ಧರ್ಮಶಾಸ್ತ್ರಕಾರರು ಅದೇ ಪ್ರಶ್ನೆಗೆ ಹನ್ನೆರಡು ಬಗೆಯ ಉತ್ತರಗಳನ್ನು ಕೊಟ್ಟರು. ನಮ್ಮ ತುಳುನಾಡು ಮತ್ತು ಅದರ ನೆರೆಯ ಮಲಬಾರಗಳಾದರೋ ಆ ಪ್ರಶ್ನೆಯನ್ನೇ ಬದಿಗಿರಿಸಿ, ತಾಯಿಯ ಮನೆಯೇ ಮಗುವಿನ ಮನೆಯೆಂದು ತೀರ್ಮಾನಿಸಿ ಶತಮಾನಗಳ ಕಾಲ ಬಾಳಿದುವು.

ಕಾಸರಗೋಡು ಸೀಮೆಯು ಈ ಎರಡು ನಾಡುಗಳೂ ಕೂಡುವ ಸ್ಥಳ. ಚಂದ್ರಗಿರಿ ಹೊಳೆಯ ಬಡಗಣ ದಿಕ್ಕಿಗೆ ಅಳಿಯಸಂತಾನ, ತೆಂಕಣ ದಿಕ್ಕಿಗೆ ಮರುಮಕ್ಕತ್ತಾಯ ಎಂದು ಸ್ಥೂಲವಾಗಿ ಹೇಳುವುದುಂಟು. ಇವೆರಡರ ನಡುವೆಯೇ ಮಕ್ಕಳಸಂತಾನದ ಬ್ರಾಹ್ಮಣಾದಿಗಳೂ ನೆಲಸಿದ್ದಾರೆ. ಆದುದರಿಂದ ವಿವಾಹದ ಹೊರಗೆ ಹುಟ್ಟಿದ ಮಗುವಿನ ಸ್ಥಾನವೇನು, ಅದರ ಮೇಲೆ ತಂದೆಗಿರುವ ಹಕ್ಕೇನು, ತಂದೆಯ ಮೇಲೆ ಅದಕ್ಕಿರುವ ಹಕ್ಕೇನು ಎಂಬುದರ ಚರಿತ್ರೆಯನ್ನು ಅರಿಯಬಯಸುವವರಿಗೆ ನಮ್ಮ ಸೀಮೆಗಿಂತ ತಕ್ಕ ಪಾಠಶಾಲೆ ಇನ್ನೊಂದಿಲ್ಲ. ಪ್ರಸ್ತುತ ಲೇಖನದಲ್ಲಿ ಆ ಚರಿತ್ರೆಯ ಮುಖ್ಯ ಘಟ್ಟಗಳನ್ನು ವಾಚಕರ ಮುಂದಿಡಲು ಯತ್ನಿಸಿದ್ದೇವೆ.

ಬೀಜ ಮತ್ತು ಕ್ಷೇತ್ರ

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ವಿಷಯದ ಮೇಲೆ ಒಂದು ದೀರ್ಘ ಚರ್ಚೆಯಿದೆ. ಬಿತ್ತಿದ ಬೀಜವು ಮುಖ್ಯವೋ, ಬಿತ್ತಿಸಿಕೊಂಡ ಹೊಲವು ಮುಖ್ಯವೋ ಎಂಬುದು ಅಲ್ಲಿಯ ವಿಚಾರ. ಒಬ್ಬನ ಹೊಲದಲ್ಲಿ ಇನ್ನೊಬ್ಬನು ಬಿತ್ತಿದರೆ ಬೆಳೆಯು ಹೊಲದ ಒಡೆಯನಿಗೆ ಸಲ್ಲುವಂತೆ, ಪರಸ್ತ್ರೀಯಲ್ಲಿ ಹುಟ್ಟಿದ ಮಗನು ಆಕೆಯ ಗಂಡನಿಗೆ ಸಲ್ಲುತ್ತಾನೆಂಬುದು ಅಲ್ಲಿಯ ವಾದಸರಣಿ. ಸ್ತ್ರೀಯನ್ನು ಹೊಲಕ್ಕೆ ಹೋಲಿಸಿದ ಈ ಮಾತು ಇಂದು ನಮಗೆ ಹಿತವೆನಿಸದು. ಆದರೂ ಅದರಲ್ಲಿ ಅಡಗಿದ ಒಂದು ವ್ಯಾವಹಾರಿಕ ಬುದ್ಧಿಯನ್ನು ಗಮನಿಸತಕ್ಕದ್ದು: ಹುಟ್ಟಿದ ಮಗುವನ್ನು ಯಾವನಾದರೊಬ್ಬ ಪುರುಷನ ಹೊಣೆಗೆ ಒಪ್ಪಿಸದೆ ಬೀದಿಗೆ ಬಿಡಬಾರದೆಂಬುದು ಶಾಸ್ತ್ರಕಾರರ ಇಷ್ಟವಾಗಿತ್ತು.

ಅವರು ಎಣಿಸಿದ ಹನ್ನೆರಡು ವಿಧದ ಪುತ್ರರಲ್ಲಿ ಕೆಲವರ ಹೆಸರುಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಧರ್ಮಪತ್ನಿಯಲ್ಲಿ ತನಗೇ ಹುಟ್ಟಿದವನು ಔರಸ. ಗಂಡನ ಮನೆಯಲ್ಲಿ ಗುಟ್ಟಾಗಿ, ತಂದೆ ಇಂಥವನೆಂದು ತಿಳಿಯದಂತೆ ಹುಟ್ಟಿದವನು ಗೂಢೋತ್ಪನ್ನ. ಅವನು ತಾಯಿಯ ಗಂಡನಿಗೆ ಮಗನು. ಮದುವೆಯ ಕಾಲಕ್ಕೇ ವಧುವಿನ ಗರ್ಭದಲ್ಲಿದ್ದವನು ಸಹೋಢ. ಅವನೂ ಕೈಹಿಡಿದವನಿಗೆ ಸಲ್ಲುವನು. ಕನ್ಯೆಯಾಗಿದ್ದಾಗಲೇ ಹೆತ್ತ ಮಗನು ಕಾನೀನ. ಆಕೆಯನ್ನು ಮುಂದೆ ಮದುವೆಯಾಗುವವನೇ ಅವನ ತಂದೆ.

ಕಾನೀನನೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಕರ್ಣನ ನೆನಪಾಗದೆ ಇರದು. ಮಹಾಭಾರತದ ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಕರ್ಣನನ್ನು ಏಕಾಂತಕ್ಕೆ ಕರೆದು ಹೇಳುವುದು ಈ ನಿಯಮವನ್ನೇ. ಶಾಸ್ತ್ರದ ಪ್ರಕಾರ ಕರ್ಣನು ಪಾಂಡುವಿನ ಮಗನು, ಪಾಂಡವರಲ್ಲಿ ಜ್ಯೇಷ್ಠನು, ಸಿಂಹಾಸನಕ್ಕೆ ಹಕ್ಕುದಾರನು. ಶಾಸ್ತ್ರವು ಅವನಿಗೆ ತಂದೆಯನ್ನು ಕೊಟ್ಟಿತ್ತು. ಲೋಕಾಪವಾದದ ಭಯವು ಅದನ್ನು ಕಸಿದುಕೊಂಡಿತು. ಕುಂತಿ ಬಾಯಿ ತೆರೆಯಲಿಲ್ಲವಾದ್ದರಿಂದ ಕಾಗದದ ಮೇಲಿದ್ದ ಹಕ್ಕು ಬಾಳಿಗೆ ಬರಲಿಲ್ಲ. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಕರ್ಣನ ವಿಷಯದಲ್ಲಿ ಅಷ್ಟೊಂದು ಕರುಣೆಯನ್ನು ತೋರಿದುದಕ್ಕೆ ಈ ಅನ್ಯಾಯವೂ ಒಂದು ಕಾರಣವೆಂದು ನಾವು ತಿಳಿಯುತ್ತೇವೆ.

ಇದಕ್ಕೆ ಪ್ರತಿಯಾಗಿ ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ಕಥೆಯಿದೆ. ಗುರುಕುಲಕ್ಕೆ ಹೊರಟ ಬಾಲಕನು ತನ್ನ ಗೋತ್ರವಾವುದೆಂದು ತಾಯಿ ಜಬಾಲೆಯನ್ನು ಕೇಳಿದನು. ತನಗೆ ತಿಳಿಯದೆಂದೂ, ತನ್ನ ಹೆಸರನ್ನೇ ಸೇರಿಸಿ ಸತ್ಯಕಾಮ ಜಾಬಾಲನೆಂದು ಹೇಳಿಕೊಳ್ಳೆಂದೂ ಆಕೆ ಉತ್ತರಿಸಿದಳು. ಬಾಲಕನು ಇದ್ದುದನ್ನು ಇದ್ದಂತೆಯೇ ಹಾರಿದ್ರುಮತ ಗೌತಮನಿಗೆ ನಿವೇದಿಸಿದನು. ಗೌತಮನು ಆ ಸತ್ಯವನ್ನೇ ಯೋಗ್ಯತೆಯೆಂದು ಎಣಿಸಿ ಶಿಷ್ಯನನ್ನಾಗಿ ಸ್ವೀಕರಿಸಿದನು. ತಂದೆಯ ಹೆಸರಿಲ್ಲದೆ ಪಾಠಶಾಲೆಗೆ ಸೇರಿದ ಬಾಲಕನ ಕಥೆಗಳಲ್ಲಿ ಇದಕ್ಕಿಂತ ಹಳೆಯದನ್ನು ನಾವು ಕಾಣೆವು.

ಅಳಿಯಕಟ್ಟು

ಇನ್ನು ನಮ್ಮ ನಾಡಿನ ಪದ್ಧತಿಯನ್ನು ನೋಡುವ. ತುಳುನಾಡಿನಲ್ಲಿ ಬಂಟರು, ಬಿಲ್ಲವರು, ಮೊಗವೀರರು, ಅಲ್ಲಿಯ ಜೈನರು ಮೊದಲಾದವರು ಅಳಿಯಸಂತಾನದವರು. ಈ ಕಟ್ಟು ಹುಟ್ಟಿದ ಬಗೆಯನ್ನು ಭೂತಾಳಪಾಂಡ್ಯನ ಐತಿಹ್ಯವು ಹೇಳುತ್ತದೆ. ದೇವಪಾಂಡ್ಯನೆಂಬ ಅರಸನ ಹಡಗುಗಳು ಕಡಲಿಗಿಳಿಯಬೇಕಾದರೆ ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿತಂತೆ. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ಅವನ ತಂಗಿ ತನ್ನ ಮಗನನ್ನು ಒಪ್ಪಿಸಲು ಮುಂದೆ ಬಂದಳು. ಭೂತವು ಮೆಚ್ಚಿ ಬಾಲಕನನ್ನು ಉಳಿಸಿ ಹರಸಿತು. ಅರಸನು ಮಕ್ಕಳನ್ನು ಬಿಟ್ಟು ಸೋದರಳಿಯನಿಗೆ ರಾಜ್ಯವನ್ನು ಕೊಟ್ಟನು. ಆ ಅಳಿಯನೇ ಭೂತಾಳಪಾಂಡ್ಯನು. ಇತಿಹಾಸಕಾರರು ಇದನ್ನು ಕಾಲನಿರ್ಣಯಕ್ಕೆ ತಕ್ಕ ಪ್ರಮಾಣವೆಂದು ಅಂಗೀಕರಿಸುವುದಿಲ್ಲ. ಆದರೆ ಕಥೆಯ ಹುರುಳು ಗಮನಾರ್ಹವಾಗಿದೆ. ಅದು ತಂದೆ–ಮಕ್ಕಳ ನಡುವಿನ ಬಂಧಕ್ಕಿಂತ ಅಣ್ಣ–ತಂಗಿಯರ ನಡುವಿನ ಬಂಧವನ್ನು ಮೇಲೆಂದು ಎಣಿಸಿದ ಸಮಾಜವೊಂದು ತನಗೆ ತಾನೇ ಹೇಳಿಕೊಂಡ ಸಮಾಧಾನವಾಗಿದೆ.

ಅಳಿಯಕಟ್ಟಿನಲ್ಲಿ ಕುಟುಂಬವೆಂದರೆ ಒಬ್ಬ ಮೂಲಸ್ತ್ರೀಯಿಂದ ಸ್ತ್ರೀಸಂತತಿಯ ಮೂಲಕ ಇಳಿದು ಬಂದವರೆಲ್ಲರ ಕೂಟ. ಅದರ ಶಾಖೆಗೆ ಕವರು ಎಂದು ಹೆಸರು. ಹಿರಿಯನು ಯಜಮಾನನಾಗುವನು, ಹಿರಿಯಳಾದ ಸ್ತ್ರೀಯೂ ಯಜಮಾನ್ತಿಯಾಗಬಹುದಾಗಿತ್ತು. ಮಗುವಿಗೆ ತಾಯಿಯ ಬಳಿಯೇ ಬಳಿ; ಒಂದೇ ಬಳಿಯವರು ತಮ್ಮೊಳಗೆ ಮದುವೆಯಾಗುವಂತಿಲ್ಲ. ಧಾರೆಯೆರೆದು ಮದುವೆ ನಡೆಯುತ್ತಿತ್ತು. ಹೆಂಡತಿ ಸಾಮಾನ್ಯವಾಗಿ ಗಂಡನ ಮನೆಯಲ್ಲಿಯೇ ಬಾಳುತ್ತಿದ್ದಳು. ಆದರೆ ಆಕೆಯಾಗಲಿ ಆಕೆಯ ಮಕ್ಕಳಾಗಲಿ ಆ ಮನೆಯ ಸದಸ್ಯರಾಗುತ್ತಿರಲಿಲ್ಲ. ಗಂಡನು ತೀರಿಕೊಂಡರೆ ಅವರು ತಾಯಿಮನೆಗೆ ಮರಳುವುದು ರೂಢಿ. ತಂದೆ ಬೆವರು ಸುರಿಸಿ ಮಾಡಿದ ಗದ್ದೆಯಲ್ಲಿ ಮರುವರ್ಷ ಅವನ ಸೋದರಳಿಯನು ಬಿತ್ತುವನು; ಮಗನು ಸೋದರಮಾವನ ಗದ್ದೆಯಲ್ಲಿ ಬಿತ್ತುವನು.

ಈ ಕಟ್ಟಿನಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಅಂಶವೊಂದಿದೆ. ತಾಯಿಗೆ ಮದುವೆಯಾಗಿತ್ತೋ ಇಲ್ಲವೋ ಎಂಬುದರ ಮೇಲೆ ಮಗುವಿನ ಪಾಲು ನಿಂತಿರಲಿಲ್ಲ. ಗರ್ಭದಿಂದ ಹೊರಬಂದ ಕ್ಷಣದಲ್ಲಿಯೇ ಅದು ಕುಟುಂಬದ ಸದಸ್ಯ. ಅನ್ನ, ಬಟ್ಟೆ, ಹೆಸರು ಎಲ್ಲವೂ ತಾಯಿಯ ಮನೆಯಿಂದಲೇ. ಆದುದರಿಂದ ಆಸ್ತಿಯ ಮಟ್ಟಿಗೆ ‘ಅಕ್ರಮ ಸಂತಾನ’ ಎಂಬ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ. ಹಾಗೆಂದು ಎಲ್ಲವೂ ಸಸೂತ್ರವಾಗಿತ್ತೆಂದು ಭಾವಿಸಬಾರದು. ಸ್ತ್ರೀಯು ತನಗಿಂತ ಕೀಳೆಂದು ಎಣಿಸಲ್ಪಟ್ಟ ಜಾತಿಯವನ ಸಂಗ ಮಾಡಿದರೆ ಬಹಿಷ್ಕಾರವು ಕಠಿಣವಾಗಿತ್ತು. ಆಗ ಮಗುವೂ ತಾಯಿಯೊಡನೆ ಹೊರಗಾಗುತ್ತಿತ್ತು. ಕಾವಲು ಇದ್ದೇ ಇತ್ತು. ಅದು ಮದುವೆಯ ಬಾಗಿಲಿನಲ್ಲಿರದೆ ಜಾತಿಯ ಬಾಗಿಲಿನಲ್ಲಿತ್ತು.

ಚಂದ್ರಗಿರಿಯ ತೆಂಕಣಕ್ಕೆ

ಮಲಬಾರಿನ ನಾಯರರಲ್ಲಿ ಕುಟುಂಬಕ್ಕೆ ತರವಾಡೆಂದೂ ಯಜಮಾನನಿಗೆ ಕಾರಣವನೆಂದೂ ಹೆಸರು. ಸ್ತ್ರೀಪುರುಷರ ಕೂಟಕ್ಕೆ ‘ಸಂಬಂಧ’ವೆಂದು ಹೇಳುತ್ತಿದ್ದರು. ವಸ್ತ್ರದಾನವೇ ಅದರ ಮುಖ್ಯ ವಿಧಿ; ಉತ್ತರ ಮಲಬಾರಿನಲ್ಲಿ ಅದನ್ನು ಪುಡಮುರಿಯೆಂದು ಕರೆಯುವರು. ಇಬ್ಬರಲ್ಲಿ ಯಾರು ಬೇಕಾದರೂ ಅದನ್ನು ಮುರಿಯಬಹುದಾಗಿತ್ತು. ಉತ್ತರ ಮಲಬಾರಿನಲ್ಲಿ ಹೆಂಡತಿ ಗಂಡನ ಮನೆಗೆ ಹೋಗುವಳು. ದಕ್ಷಿಣದಲ್ಲಿ ಗಂಡನೇ ಹೆಂಡತಿಯ ಮನೆಗೆ ಬಂದು ಹೋಗುವನು.

ನಂಬೂದಿರಿ ಬ್ರಾಹ್ಮಣರ ಕಟ್ಟಳೆ ಇದರೊಡನೆ ವಿಚಿತ್ರವಾಗಿ ಹೊಂದಿಕೊಂಡಿತ್ತು. ಅವರು ಮಕ್ಕಳಸಂತಾನದವರು. ಇಲ್ಲದ ಆಸ್ತಿ, ಅಂದರೆ ಮನೆತನದ ಆಸ್ತಿ, ಒಡೆಯಬಾರದೆಂದು ಹಿರಿಯ ಮಗನೊಬ್ಬನೇ ಸ್ವಜಾತಿಯಲ್ಲಿ ವಿವಾಹವಾಗುತ್ತಿದ್ದನು. ಕಿರಿಯರು ನಾಯರ್ ಮೊದಲಾದ ತರವಾಡುಗಳಲ್ಲಿ ಸಂಬಂಧ ಮಾಡುವರು. ಆ ಮಕ್ಕಳಿಗೆ ಇಲ್ಲದಲ್ಲಿ ಪ್ರವೇಶವೂ ಇಲ್ಲ, ಪಾಲೂ ಇಲ್ಲ. ಮಡಿಯ ನಿಯಮದಿಂದಾಗಿ ತಂದೆಯು ಸ್ವಂತ ಮಗುವಿನೊಡನೆ ಕೂತು ಉಣ್ಣುವಂತಿರಲಿಲ್ಲ. ಇತ್ತ ಸ್ವಜಾತಿಯಲ್ಲಿ ವರನು ದೊರೆಯದೆ ಎಷ್ಟೋ ನಂಬೂದಿರಿ ಕನ್ಯೆಯರು ಅಂತಃಪುರದಲ್ಲಿಯೇ ಮುದುಕಿಯರಾದರು. ಒಂದು ಮನೆಯ ಆಸ್ತಿಯನ್ನುಳಿಸುವ ಉಪಾಯವು ಎರಡು ಬಗೆಯ ಮನೆಗಳಲ್ಲಿಯೂ ಕಣ್ಣೀರಿಗೆ ಕಾರಣವಾಯಿತು.

ಆದರೆ ಸಂಬಂಧವೆಲ್ಲವೂ ಪ್ರೀತಿರಹಿತವಾಗಿತ್ತೆಂದು ತಿಳಿಯುವುದು ತಪ್ಪು. ನಮ್ಮ ಮನೆಮನೆಗಳ ಗೋಡೆಗಳಲ್ಲಿ ಲಕ್ಷ್ಮೀ–ಸರಸ್ವತಿಯರ ಚಿತ್ರಗಳ ಮೂಲಕ ಪರಿಚಿತನಾದ ರಾಜಾ ರವಿವರ್ಮನ (೧೮೪೮–೧೯೦೬) ಉದಾಹರಣೆಯನ್ನೇ ತೆಗೆದುಕೊಳ್ಳುವ. ಅವನ ತಾಯಿ ಕಿಳಿಮಾನೂರು ಅರಮನೆಯ ಉಮಾಯಂಬ. ತಂದೆ ಏಳುಮಾವಿಲ್ ನೀಲಕಂಠ ಭಟ್ಟತ್ತಿರಿಪ್ಪಾಡ್ ಎಂಬ ವಿದ್ವಾಂಸರು. ಮಗುವು ಬೆಳೆದುದು ತಾಯಿಯ ಮನೆಯಾದ ಕಿಳಿಮಾನೂರಿನಲ್ಲಿ. ಗೋಡೆಯ ಮೇಲೆ ಗೀಚುತ್ತಿದ್ದ ಹುಡುಗನ ಕೈಗೆ ಕುಂಚವನ್ನು ಕೊಟ್ಟವನು ಸೋದರಮಾವ ರಾಜರಾಜವರ್ಮನು. ತಂದೆಯ ಕೆಲಸವನ್ನು ಸೋದರಮಾವನು ಮಾಡುವ ಪದ್ಧತಿ ಎಷ್ಟು ಚೆನ್ನಾಗಿ ಸಾಗಬಹುದಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮಕ್ಕಳ ಮೇಲಿನ ಮಮತೆಯು ಕಟ್ಟಳೆಯ ಸಂದಿಯಲ್ಲಿಯೂ ದಾರಿಯನ್ನು ಹುಡುಕುತ್ತಿತ್ತು. ಉತ್ತರ ಮಲಬಾರಿನಲ್ಲಿ ತಂದೆಯು ಬದುಕಿರುವಾಗಲೇ ಹೆಂಡತಿ ಮಕ್ಕಳಿಗೆ ದಾನವಾಗಿ ಕೊಡುವ ಆಸ್ತಿಗೆ ‘ಪುತ್ರಾವಕಾಶ’ವೆಂದು ಹೆಸರು ಬಂದಿತು. ಕೊಡದೆ ಸತ್ತರೆ ಅವನ ಸ್ವಾರ್ಜಿತವೂ ತರವಾಡಿಗೇ ಸೇರುವುದಾಗಿತ್ತು.

ನ್ಯಾಯಾಲಯದ ಪ್ರಶ್ನೆ

ಇಂಗ್ಲಿಷರ ನ್ಯಾಯಾಲಯಗಳು ಬಂದ ಮೇಲೆ ಹೊಸ ಪ್ರಶ್ನೆ ಹುಟ್ಟಿತು. ಅವರ ದೇಶದ ಕಾನೂನಿನಲ್ಲಿ ವಿವಾಹವೇ ಕುಟುಂಬದ ಅಡಿಗಲ್ಲು. ಮನಬಂದಾಗ ಮುರಿಯಬಹುದಾದ, ಪಾಲಿನ ಹಕ್ಕನ್ನೂ ಪೋಷಣೆಯ ಹಕ್ಕನ್ನೂ ಹುಟ್ಟಿಸದ ಸಂಬಂಧವನ್ನು ವಿವಾಹವೆನ್ನಬಹುದೇ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸಿನ ಹೈಕೋರ್ಟು ಅದು ಕಾನೂನಿನ ದೃಷ್ಟಿಯಲ್ಲಿ ವಿವಾಹವಲ್ಲವೆಂದು ಹೇಳಿತು. ಈ ಒಂದು ಮಾತಿನಿಂದ ಸಹಸ್ರಾರು ಗೃಹಿಣಿಯರು ಕಾನೂನಿನ ಕಣ್ಣಿನಲ್ಲಿ ಉಪಪತ್ನಿಯರಾದರು. ಅವರ ಮನೆಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದುದು ಹೊರಗಿನವರು ಅವರಿಗೆ ಕೊಟ್ಟ ಹೆಸರು ಮಾತ್ರ.

ಆಂಗ್ಲ ವಿದ್ಯೆ ಕಲಿತು ವಕೀಲಿಯಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಸಂಪಾದನೆ ಮಾಡತೊಡಗಿದ ತರುಣರಿಗೆ ಇದು ಅಪಮಾನವೆನಿಸಿತು. ತಮ್ಮ ಸಂಪಾದನೆ ತಮ್ಮ ಮಕ್ಕಳಿಗೆ ಸಲ್ಲದೆ ಅಳಿಯಂದಿರಿಗೆ ಹೋಗುವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ೧೮೯೦ರಲ್ಲಿ ಸಿ. ಶಂಕರನ್ ನಾಯರ್ ಅವರು ಮದ್ರಾಸಿನ ಶಾಸನಸಭೆಯಲ್ಲಿ ಮಸೂದೆಯೊಂದನ್ನು ತಂದರು. ಮರುವರ್ಷ, ೧೮೯೧ರಲ್ಲಿ, ಸರಕಾರವು ಮಲಬಾರ್ ವಿವಾಹ ಆಯೋಗವನ್ನು ನೇಮಿಸಿತು. ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶ ಟಿ. ಮುತ್ತುಸ್ವಾಮಿ ಅಯ್ಯರ್ ಅವರು ಅಧ್ಯಕ್ಷರು. ಸದಸ್ಯರಲ್ಲಿ ಶಂಕರನ್ ನಾಯರ್, ಓ. ಚಂದು ಮೇನೋನ್ ಮೊದಲಾದವರೊಡನೆ ದಕ್ಷಿಣ ಕನ್ನಡದ ಎಂ. ಮುಂಡಪ್ಪ ಬಂಗೇರ ಅವರೂ ಇದ್ದರೆಂಬುದನ್ನು ನಮ್ಮ ವಾಚಕರು ಗಮನಿಸಬೇಕು.

ಚಂದು ಮೇನೋನರು ‘ಇಂದುಲೇಖಾ’ (೧೮೮೯) ಎಂಬ ಮಲಯಾಳ ಕಾದಂಬರಿಯ ಕರ್ತೃಗಳು. ಅದರ ನಾಯಿಕೆ ಮುದಿ ನಂಬೂದಿರಿಯ ಸಂಬಂಧವನ್ನು ತಿರಸ್ಕರಿಸಿ ತಾನು ಮೆಚ್ಚಿದವನನ್ನೇ ವರಿಸುತ್ತಾಳೆ. ಅಂತಹ ಕಾದಂಬರಿಯನ್ನು ಬರೆದವರು ಸುಧಾರಣೆಯ ಮಸೂದೆಯನ್ನು ಬೆಂಬಲಿಸುವರೆಂದು ಯಾರಾದರೂ ಭಾವಿಸುವರು. ಆದರೆ ಅವರು ಆಯೋಗದಲ್ಲಿ ಭಿನ್ನಮತವನ್ನು ದಾಖಲಿಸಿದರು. ಸಂಬಂಧವು ಸಮಾಜದಲ್ಲಿ ಮರ್ಯಾದೆಯುಳ್ಳ ನಿಜವಾದ ವಿವಾಹವೇ ಆಗಿದೆ. ಅದನ್ನು ವಿವಾಹವನ್ನಾಗಿ ಮಾಡಲು ಸರಕಾರದ ರಿಜಿಸ್ಟರು ಬೇಕಾಗಿಲ್ಲ ಎಂಬುದು ಅವರ ನಿಲುವು. ರಿಜಿಸ್ಟರು ಮಾಡಿಸಿಕೊಂಡವರದು ಮಾತ್ರ ವಿವಾಹವೆಂದರೆ, ಮಾಡಿಸಿಕೊಳ್ಳದವರದು ಏನಾಯಿತು? ಈ ಪ್ರಶ್ನೆ ಇಂದಿಗೂ ತನ್ನ ಮೊನೆಯನ್ನು ಕಳೆದುಕೊಂಡಿಲ್ಲ.

ಕೊನೆಗೆ ೧೮೯೬ರಲ್ಲಿ ಮಲಬಾರ್ ವಿವಾಹ ಶಾಸನವು ಬಂದಿತು. ರಿಜಿಸ್ಟರು ಮಾಡಿಸಿಕೊಂಡ ಸಂಬಂಧವು ವಿವಾಹವೆನಿಸುವುದು. ಹೆಂಡತಿ ಮಕ್ಕಳಿಗೆ ಪೋಷಣೆಯ ಹಕ್ಕು. ಮರಣಶಾಸನವಿಲ್ಲದೆ ತಂದೆ ತೀರಿಕೊಂಡರೆ ಸ್ವಾರ್ಜಿತದ ಅರ್ಧಭಾಗ ಅವರಿಗೆ. ಇಷ್ಟಾದರೂ ರಿಜಿಸ್ಟರು ಕಚೇರಿಗೆ ಹೋದವರು ಅತ್ಯಲ್ಪ. ತಾವು ಈ ತನಕ ವಿವಾಹಿತರಲ್ಲವೆಂದು ಒಪ್ಪಿಕೊಂಡಂತೆ ಆಗುವ ಒಂದು ಕಾಗದಕ್ಕೆ ಸಹಿ ಹಾಕಲು ಯಾವ ಗೃಹಸ್ಥನು ತಾನೆ ಇಷ್ಟಪಟ್ಟಾನು? ೧೮೯೮ರ ಮಲಬಾರ್ ಮರಣಶಾಸನ ಕಾನೂನು ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿತು. ಸ್ವಾರ್ಜಿತವನ್ನು ಉಯಿಲಿನ ಮೂಲಕ ಮಕ್ಕಳಿಗೆ ಬರೆದಿಡಲು ಅದು ನಿಸ್ಸಂದೇಹವಾದ ದಾರಿಯನ್ನು ತೋರಿಸಿತು.

ಶಾಸನಗಳ ಸಾಲು

ಇಪ್ಪತ್ತನೆಯ ಶತಮಾನದಲ್ಲಿ ಬದಲಾವಣೆ ತ್ವರಿತವಾಯಿತು. ತಿರುವಾಂಕೂರಿನಲ್ಲಿ ೧೯೧೨ ಮತ್ತು ೧೯೨೫ರ ನಾಯರ್ ಶಾಸನಗಳು ಮೊದಲು ಅರ್ಧವನ್ನು, ಬಳಿಕ ಪೂರ್ತಿಯನ್ನು ಹೆಂಡತಿ ಮಕ್ಕಳ ಕಡೆಗೆ ತಿರುಗಿಸಿದುವು. ಮಲಬಾರಿಗೆ ೧೯೩೨ರ ಮದ್ರಾಸ್ ಮರುಮಕ್ಕತ್ತಾಯ ಶಾಸನವು ೧೯೩೩ರಲ್ಲಿ ಜಾರಿಗೆ ಬಂದಿತು. ಇದು ಚಂದು ಮೇನೋನರ ಮಾತನ್ನು ನಾಲ್ವತ್ತು ವರ್ಷಗಳ ಬಳಿಕ ಒಪ್ಪಿಕೊಂಡಿತೆನ್ನಬಹುದು. ಏಕೆಂದರೆ ಆಚಾರಪ್ರಕಾರ ನಡೆದ ಸಂಬಂಧವನ್ನು ರಿಜಿಸ್ಟರಿನ ಹಂಗಿಲ್ಲದೆ ವಿವಾಹವೆಂದು ಘೋಷಿಸಿತು. ಒಂದಿರುವಾಗ ಇನ್ನೊಂದು ಕೂಡದೆಂದು ವಿಧಿಸಿತು. ಮಕ್ಕಳನ್ನು ಪೋಷಿಸುವ ಹೊಣೆಯನ್ನು ತಂದೆಯ ಮೇಲೆ ಹೊರಿಸಿ, ಅಪ್ರಾಪ್ತವಯಸ್ಕರಿಗೆ ಅವನನ್ನೇ ರಕ್ಷಕನನ್ನಾಗಿ ಮಾಡಿತು. ಅದೇ ಕಾಲದ ಮದ್ರಾಸ್ ನಂಬೂದಿರಿ ಶಾಸನವು ಕಿರಿಯ ಮಕ್ಕಳಿಗೂ ಸ್ವಜಾತಿಯಲ್ಲಿ ವಿವಾಹವಾಗುವ ಅಧಿಕಾರವನ್ನು ಕೊಟ್ಟಿತು.

ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ಕಾಸರಗೋಡಿಗೆ ಸರದಿ ಬಂದುದು ೧೯೪೯ರಲ್ಲಿ. ಆ ವರ್ಷದ ಮದ್ರಾಸ್ ಅಳಿಯಸಂತಾನ ಶಾಸನವು ವಿವಾಹ, ಪೋಷಣೆ, ರಕ್ಷಕತ್ವ, ಉತ್ತರಾಧಿಕಾರಗಳ ಬಗ್ಗೆ ಅಂತಹವೇ ನಿಯಮಗಳನ್ನು ತಂದಿತು. ಕವರುಗಳಿಗೆ ಪಾಲು ಕೇಳುವ ಹಕ್ಕನ್ನೂ ಕೊಟ್ಟಿತು. ೧೯೫೫ರ ಹಿಂದೂ ವಿವಾಹ ಶಾಸನ, ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನಗಳು ದೇಶಕ್ಕೆಲ್ಲ ಒಂದು ಚೌಕಟ್ಟನ್ನು ಹಾಕಿದುವು. ಆದರೂ ಉತ್ತರಾಧಿಕಾರ ಶಾಸನವು ನಮ್ಮ ಕಟ್ಟಿನ ಒಂದು ನೆನಪನ್ನು ಉಳಿಸಿತು: ಅಳಿಯಸಂತಾನ ಮರುಮಕ್ಕತ್ತಾಯಗಳ ಸ್ತ್ರೀಯ ಆಸ್ತಿಗೆ ಮೊದಲ ವಾರಸುದಾರರು ಆಕೆಯ ಮಕ್ಕಳು ಮತ್ತು ತಾಯಿ, ಗಂಡನು ಅನಂತರದವನು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳದ ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯ ರದ್ದಿಯಾತಿ ಶಾಸನವು (೧೯೭೫) ೧೯೭೬ರ ಡಿಸೆಂಬರ್ ೧ರಂದು ಜಾರಿಗೆ ಬಂದಾಗ, ತರವಾಡೂ ಕುಟುಂಬವೂ ಕಾನೂನಿನ ಪುಸ್ತಕದಿಂದ ಮರೆಯಾದುವು. ಭೂತದ ಕೋಲ, ನಾಗನ ತಂಬಿಲಗಳಿಗೆ ಮೂಲಮನೆಯಲ್ಲಿ ನೆರೆಯುವ ಜನರ ಮನಸ್ಸಿನಲ್ಲಿ ಅವು ಇಂದಿಗೂ ಉಳಿದಿವೆ.

ಗಳಿಸಿದುದು, ಕಳೆದುದು

ಈ ಅರ್ಧ ಶತಮಾನದ ಶಾಸನಗಳಿಂದ ತಂದೆಯು ಮಕ್ಕಳನ್ನು ಪಡೆದನು, ಮಕ್ಕಳು ತಂದೆಯನ್ನು ಪಡೆದರು. ವಿಧವೆಯು ಗಂಡನ ಮನೆಯ ಹೊಸ್ತಿಲನ್ನು ದಾಟಿ ಹೋಗಬೇಕಾದ ದುಃಸ್ಥಿತಿ ತಪ್ಪಿತು. ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಲಾಭದೊಡನೆ ಒಂದು ನಷ್ಟವೂ ಸದ್ದಿಲ್ಲದೆ ಬಂದಿತು. ವಿವಾಹವು ಪಾಲಿಗೆ ಬಾಗಿಲಾದೊಡನೆ, ಆ ಬಾಗಿಲಿನ ಹೊರಗೆ ನಿಲ್ಲುವ ಮಗುವೂ ಹುಟ್ಟಿತು. ತಾಯಿಯ ಮನೆಯ ಹಕ್ಕು ಹಂಚಿ ಹೋಗಿ, ತಂದೆಯ ಮನೆಯ ಹಕ್ಕು ವಿವಾಹವನ್ನು ಅವಲಂಬಿಸಿದಾಗ, ವಿವಾಹವಿಲ್ಲದೆ ಹುಟ್ಟಿದ ಮಗುವಿಗೆ ಎರಡೂ ಕಡೆಯ ನೆರಳು ಕಿರಿದಾಯಿತು. ೧೯೫೬ರ ಉತ್ತರಾಧಿಕಾರ ಶಾಸನವು ಅಂತಹ ಮಗುವನ್ನು ತಾಯಿಗೂ ಒಡಹುಟ್ಟಿದವರಿಗೂ ಸಂಬಂಧಿಯೆಂದು ಎಣಿಸಿತು; ತಂದೆಗೆ ಎಣಿಸಲಿಲ್ಲ. ಅದೇ ವರ್ಷದ ಅಪ್ರಾಪ್ತವಯಸ್ಕತೆ ಮತ್ತು ರಕ್ಷಕತ್ವ ಶಾಸನವು ಅನೌರಸ ಮಗುವಿಗೆ ಮೊದಲ ರಕ್ಷಕಳು ತಾಯಿ, ಅನಂತರ ತಂದೆ ಎಂದಿತು. ಔರಸನಿಗೆ ತಂದೆ ಮೊದಲು, ತಾಯಿ ಅನಂತರ. ಮದುವೆಯಾದ ತಾಯಿಗಿಲ್ಲದ ಪ್ರಥಮ ಸ್ಥಾನ ಮದುವೆಯಾಗದ ತಾಯಿಗೆ ದೊರೆತುದು ಕಾನೂನಿನ ವಿಚಿತ್ರಗಳಲ್ಲೊಂದು. ೧೯೯೯ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ‘ಅನಂತರ’ವೆಂದರೆ ತಂದೆಯು ಸತ್ತ ಬಳಿಕವೆಂದೇ ಅರ್ಥವಲ್ಲ, ಅವನು ಹೊಣೆಯನ್ನು ನಿರ್ವಹಿಸದಿರುವಾಗಲೂ ಆಗಬಹುದೆಂದು ವಿವರಿಸಿ ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಿತು.

ಪೋಷಣೆಯ ವಿಷಯದಲ್ಲಿ ಮಾತ್ರ ಕಾನೂನು ಮೊದಲಿನಿಂದಲೂ ಉದಾರವಾಗಿತ್ತು. ೧೮೯೮ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ೪೮೮ನೆಯ ಕಲಮು, ೧೯೭೩ರ ಕೋಡಿನ ೧೨೫ನೆಯ ಕಲಮು, ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮು, ಈ ಮೂರೂ ಔರಸ ಅನೌರಸ ಭೇದವಿಲ್ಲದೆ ಮಗುವಿಗೆ ತಂದೆಯಿಂದ ಜೀವನಾಂಶವನ್ನು ಕೊಡಿಸುತ್ತವೆ. ತಿಂಗಳಿಗೆ ೫೦೦ ರೂಪಾಯಿಗಳ ಹಳೆಯ ಮಿತಿಯನ್ನು ೨೦೦೧ರಲ್ಲಿ ತೆಗೆದುಹಾಕಲಾಯಿತು.

ತಾಯಿಗೆ ಬೇರೆ ಗಂಡನಿರುವಾಗ

ಇನ್ನೂ ತೊಡಕಿನದು, ತಾಯಿಯು ಒಬ್ಬನ ಹೆಂಡತಿಯಾಗಿದ್ದು ಮಗುವಿನ ತಂದೆ ಬೇರೊಬ್ಬನೆಂದು ಹೇಳಲ್ಪಡುವ ಸಂದರ್ಭ. ೧೮೭೨ರ ಸಾಕ್ಷ್ಯ ಶಾಸನದ ೧೧೨ನೆಯ ಕಲಮು ಹಳೆಯ ಗೂಢೋತ್ಪನ್ನ ನಿಯಮವನ್ನೇ ಹೊಸ ಮಾತಿನಲ್ಲಿ ಹೇಳಿತು. ವಿವಾಹವು ಉಳಿದಿರುವಾಗಲಾಗಲಿ, ಅದು ಕೊನೆಗೊಂಡು ತಾಯಿಯು ಮರುಮದುವೆಯಾಗದೆ ಇರುವಾಗ ೨೮೦ ದಿನಗಳೊಳಗಾಗಲಿ ಹುಟ್ಟಿದ ಮಗು ಆ ಗಂಡನದೇ. ದಂಪತಿಗಳು ಒಬ್ಬರನ್ನೊಬ್ಬರು ಕೂಡುವ ಅವಕಾಶವೇ ಇರಲಿಲ್ಲವೆಂದು ರುಜುವಾತಾದರೆ ಮಾತ್ರ ಬೇರೆ ಮಾತು. ಇಂದಿನ ಭಾರತೀಯ ಸಾಕ್ಷ್ಯ ಅಧಿನಿಯಮದ ೧೧೬ನೆಯ ಕಲಮಿನಲ್ಲಿ ಅದೇ ನಿಯಮ ಉಳಿದಿದೆ.

ವಿಜ್ಞಾನವು ಈಗ ರಕ್ತದ ಹನಿಯಿಂದ ತಂದೆಯನ್ನು ಗುರುತಿಸಬಲ್ಲುದು. ಹಾಗಾದರೆ ಹಳೆಯ ಊಹೆಯೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ೧೯೯೩ರಲ್ಲಿ ಸುಪ್ರೀಂ ಕೋರ್ಟು, ಕೇಳಿದವರಿಗೆಲ್ಲ ರಕ್ತಪರೀಕ್ಷೆಯನ್ನು ಮಾಡಿಸುವಂತಿಲ್ಲವೆಂದಿತು. ೨೦೧೪ರಲ್ಲಿ, ಪರೀಕ್ಷೆ ನಡೆದು ಸತ್ಯವು ಹೊರಬಿದ್ದ ಮೇಲೆ ಊಹೆಯು ಅದಕ್ಕೆ ಮಣಿಯಬೇಕೆಂದಿತು. ೨೦೨೩ರಲ್ಲಿ, ದಂಪತಿಗಳ ಜಗಳಕ್ಕಾಗಿ ಮಗುವನ್ನು ಪರೀಕ್ಷೆಗೊಡ್ಡಬಾರದೆಂದು ಎಚ್ಚರಿಸಿತು. ೨೦೨೫ರ ಜನವರಿಯಲ್ಲಿ ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ, ತಾಯಿಯ ಗಂಡನಲ್ಲದ ಇನ್ನೊಬ್ಬನು ತನ್ನ ತಂದೆಯೆಂದು ಮಗನೊಬ್ಬನು ವಾದಿಸಿದಾಗ, ದಂಪತಿಗಳು ಕೂಡುವ ಅವಕಾಶವಿತ್ತೆಂದ ಮೇಲೆ ಗಂಡನೇ ತಂದೆಯೆಂದು ಕೋರ್ಟು ತೀರ್ಮಾನಿಸಿತು. ಈ ನಾಲ್ಕು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಒಂದು ಎಳೆ ಕಾಣುವುದು: ತಂದೆಯನ್ನು ಕಂಡುಹಿಡಿಯುವ ಕುತೂಹಲಕ್ಕಿಂತ ಮಗುವಿನ ಮಾನವೂ ತಾಯಿಯ ಮಾನವೂ ದೊಡ್ಡವು. ಹಾಗೆಂದು ಮಗುವಿಗೆ ತನ್ನ ಮೂಲವನ್ನರಿಯುವ ಆಸೆ ಇರಬಾರದೆಂದು ನಾವು ಹೇಳಲಾರೆವು. ಕರ್ಣನ ಹೃದಯದ ಆ ಕೊರಗಿಗೆ ಕಾನೂನಿನಲ್ಲಿ ಇನ್ನೂ ಪೂರ್ಣವಾದ ಉತ್ತರವಿಲ್ಲ.

ತಂದೆಗೆ ಮೊದಲೇ ಹೆಂಡತಿಯಿದ್ದು ಎರಡನೆಯ ಮದುವೆ ಅಸಿಂಧುವಾದಾಗ, ಹಿಂದೂ ವಿವಾಹ ಶಾಸನದ ೧೬ನೆಯ ಕಲಮು ಆ ಮಕ್ಕಳನ್ನು ಔರಸರೆಂದೇ ಎಣಿಸುತ್ತದೆ. ೨೦೨೩ರ ಸೆಪ್ಟೆಂಬರ್ ೧ರಂದು ಕರ್ನಾಟಕದಿಂದ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರು, ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರಬೇಕಾಗಿದ್ದ ಪಾಲಿನಲ್ಲಿ ಅಂತಹ ಮಕ್ಕಳಿಗೂ ಹಕ್ಕುಂಟೆಂದು ಸ್ಪಷ್ಟಪಡಿಸಿದರು. ೨೦೨೨ರಲ್ಲಿ ಕೇರಳದ ಇನ್ನೊಂದು ಮೊಕದ್ದಮೆಯಲ್ಲಿ, ದೀರ್ಘಕಾಲ ಗಂಡಹೆಂಡಿರಂತೆ ಬಾಳಿದವರನ್ನು ವಿವಾಹಿತರೆಂದೇ ಊಹಿಸಬೇಕೆಂದು ಅದೇ ಕೋರ್ಟು ಹೇಳಿತ್ತು. ಚಂದು ಮೇನೋನರು ಇದ್ದಿದ್ದರೆ ಮುಗುಳ್ನಗುತ್ತಿದ್ದರು.

ಅಧ್ಯಾಪಕ ಬಂಧುಗಳಿಗೆ

ಈ ಚರಿತ್ರೆ ಶಾಲೆಯ ಹೊರಗಿನದೆಂದು ನಾವು ತಿಳಿಯಬಾರದು. ೨೦೧೫ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಅವಿವಾಹಿತ ತಾಯಿಯು ತಂದೆಗೆ ನೋಟೀಸು ಕೊಡದೆಯೇ ಮಗುವಿನ ರಕ್ಷಕಳಾಗಬಹುದೆಂದು ತೀರ್ಮಾನಿಸಿತು. ೨೦೨೨ರ ಜುಲೈಯಲ್ಲಿ ಕೇರಳ ಹೈಕೋರ್ಟು, ಅಂತಹ ತಾಯಿಯ ಮಗನು ಜನನಪತ್ರದಲ್ಲಿಯೂ ಶಾಲಾ ದಾಖಲೆಗಳಲ್ಲಿಯೂ ತಾಯಿಯ ಹೆಸರನ್ನು ಮಾತ್ರ ಉಳಿಸಿಕೊಳ್ಳಬಹುದೆಂದು ಹೇಳುತ್ತ, ಕರ್ಣನ ಹೆಸರನ್ನೆತ್ತಿ, ಹುಟ್ಟಿನ ಕಾರಣದಿಂದ ಯಾರೂ ಕೊರಗಬೇಕಾಗದ ಸಮಾಜವು ಬೇಕೆಂದಿತು. ಆದುದರಿಂದ ಪ್ರವೇಶ ಪುಸ್ತಕದಲ್ಲಿ ತಂದೆಯ ಹೆಸರಿನ ಸ್ಥಳ ಬರಿದಾಗಿರುವ ಮಗು ಬಂದರೆ, ತರಗತಿಯ ಮುಂದೆ ಅದನ್ನು ಪ್ರಶ್ನಿಸುವ ಅಧಿಕಾರ ನಮಗಿಲ್ಲ. ಅದನ್ನು ಗುಟ್ಟಾಗಿ ಕಾಪಾಡುವ ಕರ್ತವ್ಯವುಂಟು. ವಂಶವೃಕ್ಷವನ್ನು ಬರೆದು ತನ್ನಿರೆಂದು ಮಕ್ಕಳಿಗೆ ಪಾಠ ಕೊಡುವಾಗ, ತಾಯಿಯ ಕಡೆಯಿಂದ ಬರೆದರೂ ಅದು ವಂಶವೃಕ್ಷವೇ ಎಂದು ಹೇಳಿಕೊಡಬೇಕು. ನಮ್ಮ ನಾಡಿನ ಅರ್ಧಕ್ಕರ್ಧ ಮನೆತನಗಳು ಹಾಗೆಯೇ ಬರೆದುಕೊಂಡು ಬಂದವಲ್ಲವೇ?

ತಂದೆಯ ಹೊಣೆಯನ್ನು ಕಾನೂನು ಗಟ್ಟಿಮಾಡಿದುದು ಒಳ್ಳೆಯದೇ ಆಯಿತು. ಹೆತ್ತು ಮರೆಯಾಗುವ ಪುರುಷನನ್ನು ಹಳೆಯ ಕಟ್ಟು ಕೇಳುತ್ತಿರಲಿಲ್ಲ, ಹೊಸ ಕಾನೂನು ಕೇಳುತ್ತದೆ. ಆದರೆ ಅಳಿಯಕಟ್ಟಿನಿಂದ ನಾವು ಉಳಿಸಿಕೊಳ್ಳಬೇಕಾದ ಒಂದು ತತ್ತ್ವವಿದೆ. ಹುಟ್ಟಿದ ಮಗುವಿಗೆ ಮನೆಯೊಂದಿರಬೇಕು. ದೊಡ್ಡವರ ಮದುವೆಯ ಲೆಕ್ಕ ಸರಿಯಾಗುವ ತನಕ ಅದು ಜಗಲಿಯಲ್ಲಿ ಕಾಯಬಾರದು. ಭೂತಾಳಪಾಂಡ್ಯನ ಕಟ್ಟು ಕಾನೂನಿನಿಂದ ಹೋಯಿತು. ಅದರ ಈ ಒಂದು ಕಟ್ಟಳೆಯಾದರೂ ನಮ್ಮ ನಡತೆಯಲ್ಲಿ ಉಳಿಯಲಿ.